ಸೊನ್ನೆ ದನಿ

ಫೋನಿನೊಳಗಿನ ಆ ದನಿ ತನ್ನದೆಂದು ಅಪ್ಪನಿಗೆ ಗೊತ್ತಾಗುತ್ತದೋ ಇಲ್ಲವೋ ಎಂಬುದು ಅವಳ ಚಿಂತೆಯಾಗಿರಲಿಲ್ಲ. ಗೊತ್ತಾಗಿಯೇ ಆಗುತ್ತದೆ. ಮೆಟ್ಟಿಲು ಹತ್ತುವವರ ಸದ್ದು ಕೇಳಿ ಯಾವ ಕಾಲಿನ ಚಪ್ಪಲಿ ಹೆಚ್ಚು ಸವೆದಿದೆ ಎಂದು ಹೇಳುವ ಮನುಷ್ಯನಿಗೆ ಮಗಳ ದನಿ ಗೊತ್ತಾಗದೆ ಇರುತ್ತದೆಯೆ? ಗೊತ್ತಾದ ಮೇಲೆ ಅವನು ಇಬ್ಬರಲ್ಲಿ ಯಾರನ್ನು ನಂಬುತ್ತಾನೆ, ಅವಳನ್ನೋ ಫೋನನ್ನೋ, ಎಂಬುದು ಚಿಂತೆ. ಇಷ್ಟನ್ನು ಅವಳು ಹಲ್ಲುಜ್ಜುತ್ತಾ, ಬಚ್ಚಲಿನ ಕನ್ನಡಿಯಲ್ಲಿ ನೊರೆ ತುಂಬಿದ ತನ್ನ ಬಾಯಿಯನ್ನು ನೋಡುತ್ತಾ, ತನಗೆ ತಾನೇ ಒಪ್ಪಿಕೊಂಡಳು. ಒಪ್ಪಿಕೊಂಡದ್ದರಿಂದ ಹಗುರವೇನೂ ಆಗಲಿಲ್ಲ. ಮುಕ್ಕಳಿಸಿ ಉಗಿದ ನೀರು ತೂತಿನ ಸುತ್ತ ತಿರುಗಿ ಇಳಿದುಹೋಗುವವರೆಗೂ ನಿಂತೇ ಇದ್ದಳು. ಹೊರಗೆ ಅಣ್ಣನ ಗಂಟಲು ಆಗಲೇ ಏರಿತ್ತು.

"ಇವತ್ತು ಬರತ್ತೆ ಅಪ್ಪಾ. ಇವತ್ತಲ್ಲದಿದ್ರೆ ನಾಳೆ. ಕಂಪನಿಯೋರು ಬಾಯಿ ಬಿಡ್ತಿಲ್ಲ, ಆದ್ರೆ ನಮ್ಮ ಡೀಲರ್ ಹೇಳಿದ."

"ನಿನ್ನ ಡೀಲರು ಹೋದ ವಾರಾನೂ ಹೇಳಿದ್ದ," ಎಂದಳು ಅಮ್ಮ, ಆಸ್ಪತ್ರೆಯ ಆಯಾಗಳ ನೀಲಿ ಮೇಲಂಗಿಯ ಗುಂಡಿ ಹಾಕಿಕೊಳ್ಳುತ್ತಾ. "ಬರೋದು ಬರಲಿ, ನೀನು ಮೊದಲು ತಿಂಡಿ ತಿನ್ನು."

ಅಣ್ಣ ಮೊಬೈಲ್ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದ. ಫೋನುಗಳಿಗೆ ಬರಲಿದ್ದ ಹೊಸ ಅಪ್‌ಡೇಟಿನ ಸುದ್ದಿ ಹುಟ್ಟಿದಾಗಿನಿಂದ ಅವನಿಗೆ ನೆಲದ ಮೇಲೆ ಕಾಲಿಲ್ಲ. ದಿನವಿಡೀ ಜನ ಬಂದು ಕೇಳುತ್ತಿದ್ದರು: ಹಳೇ ಸೆಟ್ಟುಗಳೆಲ್ಲ ಕೆಲಸ ನಿಂತು ಇಟ್ಟಿಗೆ ಆಗಿಬಿಡುತ್ತವಂತೆ ಹೌದಾ, ನಾವು ಮಲಗಿದಾಗ ಅದು ನಮ್ಮ ಉಸಿರು ಎಣಿಸುತ್ತದಂತೆ ಹೌದಾ, ಸುಳ್ಳು ಹೇಳಿದರೆ ಹಿಡಿಯುತ್ತದಂತೆ ಹೌದಾ. ಅಣ್ಣನಿಗೆ ಯಾವುದಕ್ಕೂ ಉತ್ತರ ಗೊತ್ತಿರಲಿಲ್ಲ. ಎಲ್ಲದಕ್ಕೂ ಹೌದು ಎನ್ನುತ್ತಿದ್ದ.

"ನಿನ್ನೆ ಒಬ್ಬ ಅಜ್ಜಿ ಬಂದಿದ್ಲು. ಇದು ಬಂದ್ಮೇಲೆ ಸತ್ತೋರ ನಂಬರಿಗೂ ಕರೆ ಹೋಗತ್ತಂತಲ್ಲಪ್ಪಾ ಅಂತಾಳೆ. ಹೋಗತ್ತಜ್ಜಿ, ಆದ್ರೆ ಅವ್ರು ಎತ್ತಲ್ಲ ಅಂದೆ."

"ಥೂ, ನಿನ್ನ ಬಾಯಿಗಿಷ್ಟು," ಎಂದಳು ಅಮ್ಮ.

ಅಪ್ಪ ನಕ್ಕ. ನಗುವಾಗ ಅವನ ಮುಖ ಮಾತು ಬಂದ ಕಡೆಗಲ್ಲದೆ ಅದರ ಪಕ್ಕಕ್ಕೆ ತಿರುಗುತ್ತಿತ್ತು, ಅಲ್ಲಿ ಇನ್ನೊಬ್ಬ ಯಾರೋ ಕೂತಿರುವ ಹಾಗೆ. ಅವನು ಕೂತಿದ್ದದ್ದು ಕಟಿಂಗ್ ಮೇಜಿನ ಮುಂದೆ. ನಡುಮನೆಯ ಅರ್ಧಕ್ಕೂ ಹೆಚ್ಚು ಜಾಗ ತಿನ್ನುವ ಮೇಜು. ಮನೆಯವರೆಲ್ಲ ಅದರ ಮೂಲೆಗಳಿಗೆ ಸೊಂಟ ತಾಗಿಸಿಕೊಂಡೇ ಓಡಾಡಬೇಕು. ಸಕ್ಕರೆ ಕಾಯಿಲೆ ಮೊದಲು ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು ತೆಗೆದುಕೊಂಡು ಹೋದಾಗ ಪೇಟೆಯ ಅಂಗಡಿ ಮುಚ್ಚಿ ಆ ಮೇಜನ್ನು ಮನೆಗೆ ತಂದಿದ್ದರು. ಈಗ ಅದರ ಮೇಲೆ, ಕಾಗದದ ಸುತ್ತು ಬಿಚ್ಚದೆ, ಅಣ್ಣನ ಮದುವೆಯ ಕೋಟಿನ ಬಟ್ಟೆ ಮಲಗಿತ್ತು. ಬೂದುಬಣ್ಣದ ಉಣ್ಣೆ. ಅಪ್ಪ ಆಗಾಗ ಅದರ ಮೇಲೆ ಅಂಗೈ ಇಟ್ಟು ತೆಗೆಯುತ್ತಿದ್ದ.

"ಗೆರೆ ಎಳೆದಿಟ್ಟಿರ್ತೀನಿ," ಎಂದ ಅಪ್ಪ. "ಕತ್ತರಿ ಮಾತ್ರ ಅದು ಬಂದ ಮೇಲೆ. ನೋಡಿ ಸರಿ ಇದೆ ಅಂತ ಅದು ಹೇಳಲಿ, ಆಮೇಲೆ."

"ಕೂದಲೆಳೆಯಷ್ಟು ವಾಲಿದ್ರೂ ಹೇಳತ್ತೆ. ವಿಡಿಯೋದಲ್ಲಿ ನೋಡಿಲ್ವಾ? ಗೋಡೆ ಮೇಲಿನ ಫೋಟೋ ಓರೆ ಇದೆ ಅಂತ ಇಂಗ್ಲಿಷಲ್ಲಿ ಹೇಳ್ತು."

"ನಾನೆಲ್ಲಿ ನೋಡಿದೆ?"

ಅಣ್ಣ ನಾಲಿಗೆ ಕಚ್ಚಿಕೊಂಡ. ಅಪ್ಪ ಮತ್ತೆ ನಕ್ಕ. "ಇಷ್ಟು ದಿನ ಇವಳ ಕಣ್ಣು ಇತ್ತು ನಂಗೆ. ಇನ್ಮೇಲೆ ಇವಳನ್ನ ಬಿಟ್ಟುಬಿಡಬೇಕು. ಎಷ್ಟು ದಿನಾಂತ ನನ್ನ ಮೇಜಿಗೆ ಕಟ್ಟಿ ಹಾಕೋದು ಹುಡುಗೀನ?"

ಬಾಗಿಲ ಬಳಿ ನಿಂತಿದ್ದ ಅವಳು ಏನೋ ಹೇಳಬೇಕಿತ್ತು. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

ಫೋನಿನ ಕಂಪನಿಯವರು ಅವಳ ದನಿಯನ್ನು ರೆಕಾರ್ಡ್ ಮಾಡಿಕೊಂಡ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ಮೊಟ್ಟೆಯ ಟ್ರೇಯಂಥ ಕಪ್ಪು ಸ್ಪಂಜು ಅಂಟಿಸಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ತನ್ನ ಕಿವಿಯೊಳಗಿನ ರಕ್ತದ ಸದ್ದು ತನಗೇ ಕೇಳುತ್ತಿತ್ತು. ಗಾಜಿನಾಚೆ ಒಬ್ಬ ಮನುಷ್ಯ, ಸದಾ ಶೂ ಬಿಚ್ಚಿ ಬರಿಯ ಕಾಲುಚೀಲದಲ್ಲಿ ಕೂತಿರುತ್ತಿದ್ದ. ಅವನ ಹೆಸರನ್ನು ಯಾರೂ ಹೇಳಲಿಲ್ಲ, ಅವಳು ಕೇಳಲಿಲ್ಲ; ಮನಸ್ಸಿನಲ್ಲೇ ಸೊನ್ನೆಯವನು ಎಂದು ಕರೆದಳು. ಅವಳು ಒಂದು ವಾಕ್ಯ ಓದಿದ ಕೂಡಲೇ ಅವನು ಗುಂಡಿ ಒತ್ತಿ ಹೇಳುತ್ತಿದ್ದದ್ದು ಒಂದೇ ಮಾತು: "ಸೊನ್ನೆ ಕೊಡಿ." ಸಂತೋಷ ಬೇಡ, ಬೇಸರ ಬೇಡ, ಕನಿಕರವಂತೂ ಬೇಡವೇ ಬೇಡ. "ನಿಮ್ಮ ಮುಂದೆ ಬಾಗಿಲು ಇದೆ." ಸೊನ್ನೆ ಕೊಡಿ. "ಎಡಕ್ಕೆ ವಾಲಿದೆ." ಸೊನ್ನೆ ಕೊಡಿ. "ಬಣ್ಣ ಗೊತ್ತಾಗುತ್ತಿಲ್ಲ." ಇದರಲ್ಲಿ ಅಯ್ಯೋ ಪಾಪ ಅನ್ನೋ ಥರ ಇದೆ, ಸೊನ್ನೆ ಕೊಡಿ. ಕಾಲೇಜಿನ ವೈವಾದಲ್ಲಿ ಗೊತ್ತಿದ್ದ ಉತ್ತರಕ್ಕೂ ಬಾಯಿ ತೆರೆಯಲಾಗದೆ ಮೇಷ್ಟರ ಮುಂದೆ ಬೆಪ್ಪಾಗಿ ನಿಂತಿದ್ದ ಹುಡುಗಿಗೆ ಆ ಕೋಣೆ ಒಂದು ರೀತಿಯಲ್ಲಿ ಸುಖವಾಗಿಯೇ ಇತ್ತು. ಅಲ್ಲಿ ಮಾತು ಅವಳದಲ್ಲ. ಬರೆದುಕೊಟ್ಟದ್ದನ್ನು ಹೇಳಿದರೆ ಸಾಕು, ಹೇಳಿದ್ದು ತೆರೆಯ ಮೇಲೆ ಹಸಿರು ಗೆರೆಯಾಗಿ ಏರಿ ಇಳಿದು ನೆಟ್ಟಗಾಗುತ್ತಿತ್ತು. ಕಣ್ಣಿಲ್ಲದವರ ಸಂಘದಲ್ಲಿ ಪುಸ್ತಕ ಓದಿ ಹೇಳುತ್ತಿದ್ದ ಅವಳನ್ನು ಆ ಕೆಲಸಕ್ಕೆ ಕಳಿಸಿದ್ದು ಸಂಘದ ಕಾರ್ಯದರ್ಶಿ. "ಇವಳು ಮಾತಾಡಲ್ಲ, ಆದ್ರೆ ಓದಿದ್ರೆ ಕೇಳಬೇಕು," ಎಂದು ಅವಳ ಎದುರಿಗೇ, ಅವಳೊಂದು ರೇಡಿಯೋ ಎಂಬಂತೆ, ಹೇಳಿದ್ದರು. ಯಾರಿಗೂ ತಿಳಿಸಬಾರದೆಂದು ಕಂಪನಿಯವರು ಸಹಿ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಟೈಪಿಂಗ್ ಕೆಲಸ ಎಂದಿದ್ದಳು. ಸಂಜೆ ಮನೆಗೆ ಬಂದು ಅಮ್ಮ ಹಸಿವಾ ಎಂದು ಕೇಳಿದರೆ, ಹೌದು ಎಂಬ ಮಾತು ಸೊನ್ನೆಯಾಗಿ ಹೊರಬರುತ್ತಿತ್ತು. ಅಮ್ಮ ಅವಳ ಹಣೆ ಮುಟ್ಟಿ ನೋಡುತ್ತಿದ್ದಳು.

ಆ ವಾಕ್ಯಗಳೆಲ್ಲ ಏತಕ್ಕೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕ್ಯಾಮೆರಾದ ಎದುರು ಏನನ್ನು ಹಿಡಿದರೂ ಕುರುಡರಿಗೆ ಅದನ್ನು ವರ್ಣಿಸುವ ಫೋನು ಎಂದು ಮೊದಲ ದಿನವೇ ಹೇಳಿದ್ದರು. ಅಪ್ಪನಿಗೆ ಅನುಕೂಲವಾಗುತ್ತದೆ ಎಂದು ಅವಳು ಹಿಗ್ಗಿದ್ದಳು ಕೂಡ. ತಾನು ಅಪ್ಪನಿಗೆ ಹೇಳುತ್ತಾ ಬಂದಿದ್ದ ಒಂದು ಮಾತಿಗೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ, ಅಣ್ಣ ಆ ಓರೆ ಫೋಟೋದ ವಿಡಿಯೋ ತೋರಿಸುವ ತನಕ.

ಅಣ್ಣ ಅಂಗಡಿಗೆ, ಅಮ್ಮ ಡ್ಯೂಟಿಗೆ ಹೊರಟ ಮೇಲೆ ಅವಳು ಅಪ್ಪ ಹಿಂದಿನ ದಿನ ಹೊಲಿದು ಮುಗಿಸಿದ್ದ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡಳು. "ಗುಂಡಿ ಕಾಜಾ ಮಾಡಿಸ್ಕೊಂಡು ಬರ್ತೀನಿ," ಎಂದಳು. ಯಾವಾಗಲೂ ಹೇಳುವ ಮಾತು. "ಹೆಂಗಿದೆ ಅಂತ ಹೇಳ್ಲೇ ಇಲ್ಲ ನೀನು," ಎಂದ ಅಪ್ಪ. "ಚೆನ್ನಾಗಿದೆ ಅಪ್ಪಾ," ಎಂದಳು. ಅಂಗಿಯ ಎಡತೋಳು ಚೀಲದಿಂದ ಹೊರಗೆ ಜೋತುಬಿದ್ದಿತ್ತು, ಮುರಿದ ಕೈಯಂತೆ ಹೊರಮುಖವಾಗಿ ತಿರುಚಿಕೊಂಡು.

ಮೊದಲನೆಯ ಸಲ ಅವಳು ಸುಳ್ಳು ಹೇಳಿದ್ದು ಒಂದು ಜೇಬಿನ ಬಗ್ಗೆ. ಅಂಗಿಯ ಎದೆಯ ಮೇಲೆ ಜೇಬು ಒಂದು ಪಕ್ಕಕ್ಕೆ ಜಾರಿದ ಹಾಗೆ ಕೂತಿತ್ತು. ಅಪ್ಪ ಅಂಗಿಯನ್ನು ಎರಡೂ ಕೈಯಲ್ಲಿ ಅವಳ ಮುಂದೆ ಎತ್ತಿ ಹಿಡಿದು, ಹೆಂಗಿದೆ, ಎಂದು ಕೇಳಿದ್ದ. ಕಣ್ಣು ಹೋದಮೇಲೆ ಹೊಲಿದ ಮೊದಲ ಬಟ್ಟೆ. ಅವನ ಮುಖದಲ್ಲಿ ಪರೀಕ್ಷೆ ಬರೆದು ಬಂದ ಮಗುವಿನ ಕಳೆ. ಅವಳು ಅದೇ ಮುಖವನ್ನು ಬೇರೆ ರೀತಿಯಲ್ಲಿ ಕಂಡಿದ್ದಳು: ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು, ಬ್ಯಾಂಕಿನ ಸಾಹೇಬರ ಬೆನ್ನ ಹಿಂದೆ ನಿಂತು, ಇಲ್ಲ ಸಾರ್ ಇದು ಸರಿಯಾಗಿಲ್ಲ, ನಾನು ಕೊಡಲ್ಲ, ಎಂದು ಅವರಿಗೆ ಕಾಣದ ಒಂದು ಸುಕ್ಕಿಗಾಗಿ ಇಡೀ ಕೋಟನ್ನು ಚರಚರನೆ ಬಿಚ್ಚಿ ಹಾಕಿದ ಮುಖ. ಸಾಹೇಬರು ಕೂಗಾಡಿದರೂ ಅವನು ಜಗ್ಗಿರಲಿಲ್ಲ. ಆಗ ಮೂಲೆಯ ಸ್ಟೂಲಿನ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದ ಅವಳಿಗೆ ತನ್ನ ಅಪ್ಪನಷ್ಟು ಎತ್ತರದ ಗಂಡಸು ಲೋಕದಲ್ಲಿ ಇಲ್ಲವೆನಿಸಿತ್ತು. ಅಂಥವನಿಗೆ ಚೆನ್ನಾಗಿದೆ ಎಂದುಬಿಟ್ಟಳು. ಆ ಅಂಗಿಯನ್ನು ಒಂದು ದಿನ ಬಚ್ಚಿಟ್ಟಳು. ಮರುದಿನ ಅಣ್ಣ ಹಾಕ್ಕೋತೀನಿ ಕೊಡು ಎಂದಾಗ ಗಾಬರಿಯಾಗಿ ಪೇಟೆಯ ದರ್ಜಿ ಬಾಬಿನ್‌ನ ಅಂಗಡಿಗೆ ಓಡಿದಳು. ಅಲ್ಲಿಂದೀಚೆಗೆ ಅಪ್ಪ ಹೊಲಿದದ್ದನ್ನೆಲ್ಲ ಬಾಬಿನ್ ಬಿಚ್ಚುತ್ತಾನೆ, ಹೊಸದಾಗಿ ಹೊಲಿಯುತ್ತಾನೆ, ಅಣ್ಣ ತೊಟ್ಟುಕೊಂಡು, ನಮ್ಮಪ್ಪನ ಕೈ ನೋಡಿ, ಎಂದು ಅಂಗಡಿಯಲ್ಲಿ ತೋರಿಸುತ್ತಾನೆ. ಅಮ್ಮನಿಗೆ ಗೊತ್ತೋ ಏನೋ. ಒಮ್ಮೆ ಇಸ್ತ್ರಿ ಹಾಕುತ್ತಾ ಹೊಲಿಗೆಯ ಪಕ್ಕದ ಹಳೆಯ ಸೂಜಿತೂತುಗಳ ಸಾಲನ್ನು ಬೆರಳಿನಿಂದ ಸವರಿ, ಏನೂ ಕೇಳದೆ, ಅವಳ ಕಡೆ ನೋಡಿದ್ದಳು. ಬರಿಯ ಕಣ್ಣಿನ ತಪ್ಪಾಗಿದ್ದರೆ ಅಪ್ಪ ಗೆದ್ದುಬಿಡುತ್ತಿದ್ದ. ಅವನ ಕೈಯೇ ಕಣ್ಣಾಗಿತ್ತು. ಆದರೆ ಒಂದು ಮಧ್ಯಾಹ್ನ ಅಪ್ಪನ ಹೆಬ್ಬೆರಳಿಗೆ ಸೂಜಿ ಚುಚ್ಚಿ ನಿಂತಿದ್ದನ್ನು ಅವಳು ಕಂಡಳು. ಅಪ್ಪನಿಗೆ ಅದರ ಅರಿವೇ ಇರಲಿಲ್ಲ. ಯಾವುದೋ ಹಳೆಯ ಗಿರಾಕಿಯ ಕಥೆ ಹೇಳುತ್ತಾ ಹೊಲಿಯುತ್ತಲೇ ಇದ್ದ, ಬಿಳಿಯ ಬಟ್ಟೆಯ ಮೇಲೆ ರಕ್ತ ಸಣ್ಣ ಸಣ್ಣ ಚುಕ್ಕೆಯಾಗಿ ಅವನ ಕೈಯ ಹಿಂದೆಯೇ ನಡೆದುಬರುತ್ತಿತ್ತು. ಕಾಯಿಲೆ ಬೆರಳ ತುದಿಗೂ ಬಂದು ಕೂತಿದೆ ಎಂದು ಅವಳಿಗೆ ಆಗ ತಿಳಿಯಿತು. ಅಪ್ಪನಿಗೆ ತಿಳಿದಿದೆಯೋ ಇಲ್ಲವೋ ಅವಳು ಕೇಳಲಿಲ್ಲ. ಆ ಬಟ್ಟೆಯನ್ನು ತಣ್ಣೀರಲ್ಲಿ ನೆನೆಹಾಕಿದಳು.

ಬಾಬಿನ್ ಅಪ್ಪನ ಬಳಿ ಕೆಲಸ ಕಲಿತವನು. ಸಣ್ಣ ಆಳು, ಗುಂಡು ಹೊಟ್ಟೆ, ಕೂತಲ್ಲೇ ಸುತ್ತುತ್ತಾ ಮಾತಾಡುವವನು. ಮಿಷನ್ನಿನಲ್ಲಿ ದಾರ ಸುತ್ತಿಕೊಂಡು ತಿರುಗುವ ಗಾಲಿಯ ಆ ಅಡ್ಡಹೆಸರು ಇಟ್ಟದ್ದೂ ಅಪ್ಪನೇ. ಚೀಲದಿಂದ ಅಂಗಿ ತೆಗೆದು ಕೊಡವಿ ನೋಡಿ, "ಮೇಷ್ಟ್ರು ಈ ಸಲ ಯಾರಿಗೋ ಮೂಳೆ ಮುರಿದೋನಿಗೆ ಹೊಲಿದವ್ರೆ," ಎಂದ. ಅವಳ ಮುಖ ನೋಡಿ ಅಂಗಿಯನ್ನು ಕೆಳಗಿಟ್ಟ. "ಬೇಜಾರು ಮಾಡ್ಕೋಬೇಡಮ್ಮಾ. ನಗದೆ ಇದ್ರೆ ನಂಗೆ ಬಿಚ್ಚಕ್ಕೆ ಕೈ ಬರಲ್ಲ."

"ಕೋಟಿನ ಬಟ್ಟೆ ಬಂದಿದೆ," ಎಂದಳು ಅವಳು.

ಬಾಬಿನ್‌ನ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತಿತು. "ಯಾವ ಕೋಟು?"

"ಅಣ್ಣಂದು. ಮದುವೇದು. ಫೋನಿನ ಅಪ್‌ಡೇಟು ಬಂದ ಕೂಡ್ಲೆ ಕತ್ತರಿಸ್ತಾರಂತೆ."

"ಕೋಟು ನನ್ನ ಕೈಲಿ ಆಗಲ್ಲ ಕಣಮ್ಮಾ." ಅವನು ತಲೆಯನ್ನು ಜೋರಾಗಿ ಆಡಿಸಿದ. "ಅಂಗಿ ಬೇರೆ, ಬಿಚ್ಚಿ ಹೊಲೀಬೋದು. ಕೋಟಿಂದು ಕತ್ತರೀಲೇ ಇರೋದು. ಇಲ್ನೋಡು." ಅಂಗಿಯ ಅಂಚನ್ನು ಅವಳ ಕಣ್ಣ ಹತ್ತಿರ ಎಳೆದ. "ಈ ಎಳೆ ಮೇಲಿಂದ ಕೆಳಗೆ ಓಡ್ತಾ ಇದ್ಯಲ್ಲ, ಇದೇ ದಾರಿ. ಇದರ ಗುಂಟ ಕತ್ತರಿ ಹೋಗಬೇಕು. ದಾರಿ ಬಿಟ್ಟು ಅಡ್ಡಾದಿಡ್ಡಿ ಹೋಯ್ತಾ, ಆಮೇಲೆ ದೇವರೇ ಬಂದು ಹೊಲಿದ್ರೂ ಬಟ್ಟೆ ಮೈಮೇಲೆ ತಿರುಚ್ಕೊಳತ್ತೆ. ಕತ್ತರಿಸಿದ್ದನ್ನ ಬಿಚ್ಚಕ್ಕಾಗತ್ತಾ?"

"ನೀವು ಒಂದು ಮಾತು ಹೇಳಬಾರದಾ ಅಪ್ಪಂಗೆ?"

"ನಾನಾ?" ಬಾಬಿನ್ ನಿಜವಾಗಿಯೂ ಹೆದರಿದವನ ಹಾಗೆ ಹಿಂದಕ್ಕೆ ಸರಿದ. "ಕಾಲರ್ ಒಂದು ನೂಲು ಆಚೀಚೆ ಆದ್ರೆ ಸ್ಕೇಲಲ್ಲಿ ಬಾರಿಸ್ತಿದ್ದ ಮನುಷ್ಯ. ಅವ್ರ ಮುಂದೆ ಹೋಗಿ, ಮೇಷ್ಟ್ರೇ ನೀವು ಹೊಲಿದಿದ್ದನ್ನೆಲ್ಲ ನಾನು ಬಿಚ್ತಾ ಇದೀನಿ ಅನ್ಲಾ? ನಾನು ಹೇಳಿದ್ರೆ ಅದು ಸೇಡು ಅನ್ಸತ್ತೆ. ನೀನು ಹೇಳಿದ್ರೆ ಮಾತು ಅನ್ಸತ್ತೆ." ಮತ್ತೆ ಪೆಡಲು ತುಳಿಯುತ್ತಾ, "ಅಥವಾ ಬಿಡು, ಫೋನೇ ಹೇಳತ್ತಂತಲ್ಲ ಎಲ್ಲಾನೂ. ನಿಂಗೂ ಪಾಪ ಬರಲ್ಲ, ನಂಗೂ ಬರಲ್ಲ," ಎಂದ.

ಅದೇ ಆಗಬೇಕು ಎಂದು ತನ್ನೊಳಗೂ ಒಂದು ಮೂಲೆ ಆಸೆಪಡುತ್ತಿದೆಯೆಂದು ಬಸ್‌ಸ್ಟಾಪಿಗೆ ನಡೆಯುವಾಗ ಅವಳಿಗೆ ಅನಿಸಿತು. ಫೋನೇ ಹೇಳಿಬಿಡಲಿ. ಸೊನ್ನೆಯಲ್ಲಿ ಹೇಳಲಿ. ಎಡತೋಳು ವಾಲಿದೆ, ಜೇಬು ಜಾರಿದೆ, ಗೆರೆ ಓರೆ ಇದೆ. ಅವಳು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ, ಅಷ್ಟೆ. ಆದರೆ ಅದು ಅವಳ ದನಿಯಲ್ಲೇ ಹೇಳುತ್ತದೆ. ಅಷ್ಟು ದಿನ ಚೆನ್ನಾಗಿದೆ ಎಂದ ಅದೇ ಗಂಟಲು, ಯಾವ ಮುಲಾಜೂ ಇಲ್ಲದೆ, ಅಪ್ಪನ ಕಿವಿಯಲ್ಲಿ. ಅಪ್ಪ ಆಗ ಯಾವ ಕಡೆ ಮುಖ ತಿರುಗಿಸುತ್ತಾನೆ? ಹೊಲಿದ ಅಂಗಿಗಳನ್ನೆಲ್ಲ ಒಂದೊಂದಾಗಿ ಫೋನಿನ ಮುಂದೆ ಹಿಡಿಯುತ್ತಾನೆಯೇ? ಆ ಅಂಗಿಗಳು ಬಾಬಿನ್ ಕೈಯಲ್ಲಿ ನೆಟ್ಟಗಾಗಿವೆ. ಹಾಗಾದರೆ ಫೋನು ಅವನ್ನು ಹೊಗಳುತ್ತದೆ. ನಿನ್ನೆ ಹೊಲಿದದ್ದು ಓರೆ, ಮೊನ್ನೆ ಹೊಲಿದದ್ದು ನೆಟ್ಟಗೆ. ಅಪ್ಪ ದಡ್ಡನಲ್ಲ. ಎಳೆ ಹಿಡಿದು ಎಳೆಯುತ್ತಾ ಎಳೆಯುತ್ತಾ ಅವಳ ಹತ್ತಿರ ಬಂದು ನಿಲ್ಲುತ್ತಾನೆ. ರಸ್ತೆಯಲ್ಲಿ ಎಲ್ಲರ ಕೈಯಲ್ಲೂ ಫೋನಿತ್ತು. ಎಲ್ಲ ಫೋನುಗಳೂ ಈಗ ಬಾಯಿ ಮುಚ್ಚಿಕೊಂಡು ಕಾಯುತ್ತಿರುವಂತೆ, ಅಷ್ಟೂ ಬಾಯಿ ತನ್ನದೇ ಆದಂತೆ ಕಂಡಿತು.

ಸಂಘದಲ್ಲಿಯೂ ಅದೇ ಸುದ್ದಿ. ಅವಳು ಓದಿ ಹೇಳುತ್ತಿದ್ದ ಕೋಣೆಯಲ್ಲಿ ಅಂದು ಇಬ್ಬರೇ ಕೂತಿದ್ದರು, ಒಬ್ಬರು ತೂಕಡಿಸುತ್ತಿದ್ದರು. ಪುಸ್ತಕ ಮುಚ್ಚಿ ಹೊರಡುವಾಗ ಕಾರ್ಯದರ್ಶಿ ಅವಳನ್ನು ಪಕ್ಕಕ್ಕೆ ಕರೆದು, "ಅದು ಬಂತು ಅಂದ್ರೆ ನಿಮಗೂ ವಿಶ್ರಾಂತಿ ನೋಡಿ," ಎಂದರು. "ಎಲ್ರೂ ಅವರವರ ಫೋನಲ್ಲೇ ಕೇಳ್ತಾರೆ. ಸುಮ್ನೆ ನಿಮ್ಮನ್ನ ಅಷ್ಟು ದೂರದಿಂದ ಯಾಕೆ ಓಡಾಡಿಸೋದು? ದನಿ ತುಂಬಾ ಚೆನ್ನಾಗಿದೆಯಂತೆ ಅದರದ್ದು." ಆ ದನಿ ಯಾರದೆಂದು ಗೊತ್ತಿದ್ದ ಹೊರಗಿನ ಒಬ್ಬರೇ ವ್ಯಕ್ತಿ ಅವರು. ಅದನ್ನು ಮರೆತಿದ್ದರೋ, ತಮಾಷೆ ಮಾಡಿದರೋ ತಿಳಿಯಲಿಲ್ಲ. ಅವಳು ನಕ್ಕಳು. ಥ್ಯಾಂಕ್ಸ್ ಎಂದೂ ಹೇಳಿದಳು. ಮೆಟ್ಟಿಲಿಳಿದ ಮೇಲೆ, ಥ್ಯಾಂಕ್ಸ್ ಯಾಕೆ ಹೇಳಿದೆ ಎಂದು ನಾಚಿಕೆಯಾಗಿ ಕಿವಿ ಕಾದವು.

ವಾಪಸು ಬರುವ ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತ ಅವಳ ಹಿಂದಿನಿಂದ ಯಾರೋ ಸ್ಪಷ್ಟವಾಗಿ, "ಮುಂದೆ ಜನರಿದ್ದಾರೆ," ಎಂದರು. ಅವಳು ಸರಿದು ದಾರಿ ಬಿಟ್ಟಳು. ಬಿಟ್ಟ ಮೇಲೆ ಗಕ್ಕನೆ ತಿರುಗಿ ನೋಡಿದಳು. ಹಾಗೆ ಹೇಳಿದ್ದು ಅವಳೇ. ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಕೂತಿದ್ದರು, ಕಾಲೇಜಿನವರಿರಬೇಕು. ಒಬ್ಬ ಫೋನನ್ನು ಎತ್ತಿ ಬಸ್ಸಿನೊಳಗೆಲ್ಲ ನಿಧಾನವಾಗಿ ತಿರುಗಿಸುತ್ತಿದ್ದ. "ಬಂತು ಮಗಾ, ಬಂದೇಬಿಡ್ತು, ನಂಗೇ ಮೊದಲು," ಎನ್ನುತ್ತಿದ್ದ. ಫೋನು ಮಾತಾಡುತ್ತಿತ್ತು. ಒಂದು ಕಿಟಕಿ. ಒಬ್ಬ ಮುದುಕ, ನಿದ್ದೆ ಮಾಡುತ್ತಿದ್ದಾನೆ. ಒಂದು ಚೀಲ, ಬಣ್ಣ ಕೆಂಪು. ಒಂದೊಂದು ಮಾತೂ ಬಿಡಿಬಿಡಿಯಾಗಿ, ತೊಳೆದು ಒರೆಸಿಟ್ಟ ಪಾತ್ರೆಯಂತೆ. ಅವುಗಳನ್ನು ತಾನು ಹೇಳಿದ ಮಧ್ಯಾಹ್ನಗಳು ಅವಳಿಗೆ ನೆನಪಿರಲಿಲ್ಲ. ತಾನು ಎಂದೂ ಹೇಳದ ಜೋಡಣೆಯಲ್ಲಿ ಅವು ಬರುತ್ತಿದ್ದವು. ಫೋನಿನ ಕಣ್ಣು ಅವಳ ಮೇಲೆ ಬಂದು ನಿಂತಿತು.

"ಒಬ್ಬ ಹೆಂಗಸು," ಎಂದಿತು ಅವಳ ದನಿ. "ತಲೆ ತಗ್ಗಿಸಿದ್ದಾಳೆ."

"ಲೋ, ಕರೆಕ್ಟಾಗಿ ಹೇಳ್ತು ನೋಡೋ!"

"ಮೇಡಂ, ಒಂಚೂರು ತಲೆ ಎತ್ತಿ, ಆಗ ಏನನ್ನತ್ತೆ ನೋಡಣ."

ಸುತ್ತಲಿನ ನಾಲ್ಕಾರು ಜನ ನಕ್ಕರು. ಅದು ನನ್ನ ದನಿ ಎಂದು ಹೇಳಿದರೆ ಸಾಕಿತ್ತು, ನಗು ನಿಲ್ಲುತ್ತಿತ್ತು. ಹೇಳಿದರೂ ಯಾರು ನಂಬುತ್ತಾರೆ, ಈ ಮೆತ್ತಗಿನ ತೊದಲನ್ನು ಕೇಳಿ? ಅವಳು ತನ್ನ ಸ್ಟಾಪು ಬರುವ ಮೊದಲೇ ಇಳಿದುಬಿಟ್ಟಳು. ಇಳಿದ ಮೇಲೆ ಹೊಳೆಯಿತು: ಅವನಿಗೆ ಬಂದಿದೆಯೆಂದರೆ ಮನೆಗೂ ಬಂದಿರುತ್ತದೆ. ಬೇಗಬೇಗ ನಡೆದಳು, ಆಮೇಲೆ ಓಡಿದಳು. ಬಿಸಿಲು ಇಳಿಯುತ್ತಿತ್ತು. ಪಾದಚಾರಿ ದಾರಿಯ ಮೇಲೆ, ಅಂಗಡಿಗಳ ಬಾಗಿಲಲ್ಲಿ, ಒಂದು ಬಾಲ್ಕನಿಯಲ್ಲಿ ಜನ ಫೋನುಗಳನ್ನು ವಸ್ತುಗಳ ಮುಂದೆ ಹಿಡಿಯತೊಡಗಿದ್ದರು. ಒಂದು ಮರ. ಒಂದು ನಾಯಿ. ಬಾಗಿಲು ಮುಚ್ಚಿದೆ. ಅವಳು ಮಾತಾಡುತ್ತಿದ್ದಳು, ಅಲ್ಲಿ, ಇಲ್ಲಿ, ಗೋಡೆಯ ಆಚೆ, ತಲೆಯ ಮೇಲೆ. ಓಡುತ್ತಿದ್ದವಳ ಬಾಯಿ ಮಾತ್ರ ಒಣಗಿ ಅಂಟಿಕೊಂಡಿತ್ತು.

ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಪ್ಪ ಮೇಜಿನ ಮುಂದೆ ನಿಂತಿದ್ದ. ಕಾಗದದ ಸುತ್ತು ನೆಲದ ಮೇಲೆ ಬಿದ್ದಿತ್ತು, ಬೂದುಬಣ್ಣದ ಉಣ್ಣೆ ಮೇಜಿನ ಉದ್ದಕ್ಕೂ ಹರಡಿಕೊಂಡಿತ್ತು. ಅದರ ಮೇಲೆ ಸುಣ್ಣದ ಬಿಲ್ಲೆಯಿಂದ ಎಳೆದ ಗೆರೆ, ಬೆಳ್ಳಗೆ, ಒಂದು ಕಡೆಯೂ ಅಲುಗದೆ, ಈ ತುದಿಯಿಂದ ಆ ತುದಿಗೆ. ಮರದ ಉದ್ದ ಸ್ಕೇಲನ್ನು ಗುಂಡುಪಿನ್ನುಗಳಿಂದ ಬಿಗಿದು ಎಳೆದಿದ್ದಾನೆ. ಸ್ಕೇಲಿನಷ್ಟೇ ನೆಟ್ಟಗಿತ್ತು ಗೆರೆ. ಅವಳು ಹತ್ತಿರ ಹೋಗಿ ಬಾಗಿದಳು. ಗೆರೆಯ ಅಡಿಯಲ್ಲಿ ಬಟ್ಟೆಯ ಸಣ್ಣ ಎಳೆಗಳು ಬೇರೆಯೇ ದಾರಿ ಹಿಡಿದು ಹೋಗುತ್ತಿದ್ದವು. ಗೆರೆ ಅವುಗಳನ್ನು ಓರೆಯಾಗಿ, ಸಾವಧಾನವಾಗಿ, ಒಂದೊಂದನ್ನೇ ದಾಟಿಕೊಂಡು ಹೊರಟಿತ್ತು.

"ಬಂದ್ಯಾ? ಅಣ್ಣ ಫೋನ್ ಮಾಡಿದ್ದ. ಬಂತಂತೆ," ಎಂದ ಅಪ್ಪ. "ಹೆಂಗೆ ಒತ್ತಬೇಕು ಅಂತ ಅವನೇ ಹೇಳ್ದ. ಒತ್ತಿದೆ. ಏನೋ ಮಾಡ್ತಾ ಇದೆ ಒಳಗೆ, ಬಿಸಿಯಾಗಿದೆ ಮುಟ್ಟು."

ಫೋನು ಮೇಜಿನ ಅಂಚಿನಲ್ಲಿ ಕಪ್ಪಾಗಿ ಬಿದ್ದಿತ್ತು. ಅವಳು ಮುಟ್ಟಲಿಲ್ಲ. ತೆರೆಯ ನಡುವೆ ಬಿಳಿಯ ಚುಕ್ಕೆಯೊಂದು ಹುಟ್ಟಿತು, ಬೆಳೆಯಿತು.

"ನಮಸ್ಕಾರ," ಎಂದಿತು ಅದು. "ನಾನು ಸಿದ್ಧಳಾಗಿದ್ದೇನೆ."

ಅಪ್ಪನ ತಲೆ ಥಟ್ಟನೆ ಅವಳತ್ತ ತಿರುಗಿತು. "ಏನಂದೆ?"

ಫೋನು ಅದನ್ನೇ ಮತ್ತೊಮ್ಮೆ ಹೇಳಿತು. ಅಪ್ಪನ ಮುಖ ಅವಳಿಂದ ಫೋನಿನ ಕಡೆಗೆ, ಫೋನಿನಿಂದ ಅವಳ ಕಡೆಗೆ ನಿಧಾನವಾಗಿ ಹೋಗಿ ಬಂತು. ಅವನ ತುಟಿ ಅರೆತೆರೆದಿತ್ತು. ಟೈಪಿಂಗ್ ಕೆಲಸ ಎಂದಿದ್ದ ತಿಂಗಳುಗಳನ್ನೆಲ್ಲ ಅವನು ಆ ಹೊತ್ತಿನಲ್ಲಿ ಹಿಂದಕ್ಕೆ ಸುತ್ತಿ ನೋಡುತ್ತಿರುವುದು ಅವಳಿಗೆ ಕಂಡಿತು. ಬೈಯುತ್ತಾನೆಂದುಕೊಂಡಳು. ಅಪ್ಪ ಮೆಲ್ಲಗೆ ನಗತೊಡಗಿದ.

"ಕಳ್ಳಿ," ಎಂದ. "ಒಂದು ಮಾತು ಹೇಳ್ಲಿಲ್ಲ. ಮನೇಲಿ ಬಾಯೇ ಬಿಡಲ್ಲ, ಊರಿಗೆಲ್ಲ ಮಾತಾಡ್ತಾಳೆ." ಕೈಚಾಚಿ ಫೋನನ್ನು ತಡಕಿ ಎತ್ತಿಕೊಂಡು, ಅಣ್ಣ ಹೇಳಿಕೊಟ್ಟಂತೆ ಎದೆಯೆತ್ತರಕ್ಕೆ ಹಿಡಿದು ಬಟ್ಟೆಯ ಮೇಲೆ ಬಾಗಿಸಿದ.

"ಒಂದು ಮೇಜು," ಎಂದಿತು ಫೋನು. "ಮೇಜಿನ ಮೇಲೆ ಬಟ್ಟೆ ಇದೆ. ಬಣ್ಣ ಬೂದು. ಬಟ್ಟೆಯ ಮೇಲೆ ಬಿಳಿ ಗೆರೆ ಇದೆ."

"ಗೆರೆ ಹೆಂಗಿದೆ?" ಎಂದು ಕೇಳಿದ ಅಪ್ಪ. ಅವಳನ್ನು ಕೇಳುತ್ತಿದ್ದ ಅದೇ ರಾಗದಲ್ಲಿ.

ಅವಳು ಕಣ್ಣು ಮುಚ್ಚಿಕೊಂಡಳು.

"ಗೆರೆ ನೇರವಾಗಿದೆ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ತಾನು ಕಾದದ್ದು, ಹೆದರಿದ್ದು, ಓಡಿ ಬಂದದ್ದು ಬೇರೊಂದು ಮಾತಿಗೆ. ಕಣ್ಣು ತೆರೆದಳು. ಗೆರೆ ನೇರವಾಗಿಯೇ ಇತ್ತು. ಅದು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೆರೆ ಗೊತ್ತು, ಎಳೆ ಗೊತ್ತಿಲ್ಲ. ಎಳೆಯ ಬಗ್ಗೆ ಆ ಕೋಣೆಯಲ್ಲಿ ಅವಳಿಗೆ ಯಾರೂ ವಾಕ್ಯ ಬರೆದುಕೊಟ್ಟಿರಲಿಲ್ಲ. ಅವಳ ಎದೆಯೊಳಗೆ ಏನೋ ಸಡಿಲವಾಗಿ, ಸುಖವೆಂಬಂತೆ ಹರಡಿತು. ಉಳಿದುಕೊಂಡೆ, ಎನಿಸಿತು. ಮರುಕ್ಷಣವೇ ಆ ಸುಖ ಅಸಹ್ಯವಾಯಿತು.

"ಕೇಳಿದ್ಯಾ?" ಅಪ್ಪ ಫೋನನ್ನು ಕೆಳಗಿಟ್ಟು ಕತ್ತರಿಗಾಗಿ ಕೈಯಾಡಿಸಿದ. ದೊಡ್ಡ ಕತ್ತರಿ, ಹಿಡಿಯ ಒಳಬದಿ ಅವನ ಹೆಬ್ಬೆರಳಿನ ಆಕಾರಕ್ಕೆ ಸವೆದದ್ದು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಚೆನ್ನಾಗಿದೆ ಅನ್ನೋ ಮುಂಚೆ ಪ್ರತಿ ಸಲಾನೂ ಒಂದು ಉಸಿರು ತಗೋತೀಯ. ಗೊತ್ತಾ ನಿಂಗೆ? ಆ ಉಸಿರು ಯಾಕೆ ಅಂತ ನಾನು ಕೇಳ್ಲಿಲ್ಲ. ಕೇಳಕ್ಕೆ ಧೈರ್ಯ ಬರ್ಲಿಲ್ಲ ಅನ್ನು. ಎಷ್ಟೋ ಸಲ ಅದೇ ಯೋಚನೆ ಮಾಡ್ತಾ ಮಲಗಿರ್ತಿದ್ದೆ." ಕತ್ತರಿಯ ಬಾಯಿ ತೆರೆದು, ಎಡಗೈಯ ಬೆರಳುಗಳಿಂದ ಬಟ್ಟೆಯ ಅಂಚು ಹುಡುಕಿ, ಗೆರೆಯ ತುದಿಗೆ ಚುಚ್ಚಿದ್ದ ಗುಂಡುಪಿನ್ನನ್ನು ಮುಟ್ಟಿಕೊಂಡ. "ನೋಡು, ಅದು ಉಸಿರೇ ತಗೊಳಲ್ಲ. ಕೇಳಿದ ಕೂಡ್ಲೆ ಹೇಳ್ತು. ನಿನ್ನದೇ ದನಿ, ಆದ್ರೆ ನಡುವೆ ಏನೂ ಇಲ್ಲ. ಈಗ ನಂಗೆ ನಿಶ್ಚಿಂತೆ."

ಕತ್ತರಿಯ ಕೆಳಗಿನ ಅಲಗು ಬಟ್ಟೆಯಡಿಗೆ ಸರಿಯಿತು. ಉಣ್ಣೆ ಸ್ವಲ್ಪ ಮೇಲೆದ್ದಿತು. ಅಪ್ಪನ ಮುಖದಲ್ಲಿ ಬ್ಯಾಂಕಿನ ಸಾಹೇಬರ ಹಿಂದೆ ನಿಂತಿದ್ದವನ ಹುಬ್ಬು ಬಿಗಿಯಾಗಿತ್ತು. ಅವಳು ಉಸಿರು ತೆಗೆದುಕೊಂಡಳು. ಅದು ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು, ಅಪ್ಪನಿಗೂ ಕೇಳಿಸಿತು. ಅವನ ಕೈ ತಡೆಯಿತು, ಕಿವಿ ಅವಳ ಕಡೆ ವಾಲಿತು. ಚೆನ್ನಾಗಿದೆ ಎಂಬ ಮಾತು ರೂಢಿಯಂತೆ ಬಾಯಿಯ ತನಕ ಬಂದಿತ್ತು. ಅವಳು ಅದನ್ನು ನುಂಗಿದಳು.

"ಅಪ್ಪಾ, ಕತ್ತರಿಸಬೇಡ," ಎಂದಳು. ದನಿ ನಡುಗಿತು, ಒಡೆಯಿತು, ಆದರೂ ನಿಲ್ಲಲಿಲ್ಲ. "ಗೆರೆ ಎಳೆ ಬಿಟ್ಟು ಹೋಗಿದೆ. ಮೊದಲಿಂದಾನೂ ಓರೆ ಇತ್ತಪ್ಪಾ, ನೀನು ಹೊಲಿದಿದ್ದೆಲ್ಲಾ."